ಪದವಿಯ ಅನಂತರದ ದಾರಿ

ಕಾಲೇಜೊಂದರ ಸಾಧನೆಯನ್ನು ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶದಿಂದ ಅಳೆಯುತ್ತಾರೆ. ಪದವಿ ಪಡೆದವರು ಇಪ್ಪತ್ತು ವರ್ಷಗಳ ಅನಂತರ ಎಲ್ಲಿದ್ದಾರೆ ಎಂದು ವಿಚಾರಿಸಿದರೆ ಕಾಲೇಜಿನ ಜತೆಗೆ ಊರಿನ ಕಥೆಯೂ ತಿಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಅವರು ಊರಲ್ಲಿಲ್ಲ.

ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು; 1956ರ ಏಕೀಕರಣದವರೆಗೂ ಮುಂಬಯಿ ಆಡಳಿತದಲ್ಲೇ ಇತ್ತು. ಘಟ್ಟ ಮತ್ತು ಕಡಲಿನ ನಡುವಿನ ಇಕ್ಕಟ್ಟಾದ ನೆಲದಲ್ಲಿ ಗದ್ದೆ, ತೋಟ, ಮೀನುಗಾರಿಕೆಗಳನ್ನು ಬಿಟ್ಟರೆ ಓದಿದವರಿಗೆ ಕೆಲಸ ಕಡಿಮೆ. ಹೀಗಾಗಿ ಹೈಸ್ಕೂಲು ಮುಗಿಸಿದವರು ಧಾರವಾಡ ಇಲ್ಲವೆ ಮುಂಬಯಿಯ ದಾರಿ ಹಿಡಿದರು.

ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞರಾದರು. ಆ ನಗರದ ಉದ್ಯೋಗ ಜಗತ್ತಿನ ಅನುಭವದಿಂದಲೇ 1979ರಲ್ಲಿ ‘ಶಿಕಾರಿ’ ಕಾದಂಬರಿ ಬಂತು. ಹನೇಹಳ್ಳಿ ಮಾತ್ರ ಅವರ ಕಥೆಗಳನ್ನು ಕೊನೆಯವರೆಗೂ ಬಿಡಲಿಲ್ಲ.

ಸ್ವಾತಂತ್ರ್ಯದ ಅನಂತರ ಊರಿನಲ್ಲೇ ಕಾಲೇಜುಗಳಾದವು: ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜು. ಕಲಿಯಲು ಊರು ಬಿಡಬೇಕಾದ ಅಗತ್ಯ ತಪ್ಪಿತು. ದುಡಿಯಲು ಬಿಡುವುದು ತಪ್ಪಲಿಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ ಕುಮಟಾ, ಧಾರವಾಡಗಳಲ್ಲಿ ಓದಿ ಜೀವರಸಾಯನಶಾಸ್ತ್ರಜ್ಞರಾಗಿ ಮುಂಬಯಿಗೆ ಹೋದರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಸಂದಿತು.

ಭಟ್ಕಳದ ದಾರಿ ಕಡಲಾಚೆಗೂ ಹೋಯಿತು. ವ್ಯಾಪಾರವೇ ಕುಲವೃತ್ತಿಯಾಗಿದ್ದ ನವಾಯತರು 1919ರಲ್ಲಿ ಅಂಜುಮನ್ ವಿದ್ಯಾಸಂಸ್ಥೆಯನ್ನು ಕಟ್ಟಿದರು. 1970ರ ದಶಕದ ತೈಲ ಸಮೃದ್ಧಿಯ ಅನಂತರ ಕೊಲ್ಲಿ ದೇಶಗಳು ಅವರ ಮಕ್ಕಳನ್ನು ಕರೆದವು. 1980ರಲ್ಲಿ ಊರಿಗೆ ಎಂಜಿನಿಯರಿಂಗ್ ಕಾಲೇಜೂ ಬಂತು. ಹೊರಗೆ ದುಡಿದವರ ಹಣ ಊರಿನ ಮನೆಗಳಿಗಷ್ಟೇ ಅಲ್ಲ, ಶಾಲೆಗಳಿಗೂ ಹರಿಯಿತು. ಊರು ಬಿಟ್ಟವರು ಊರನ್ನು ಮರೆತರೆಂದು ಹೇಳುವಂತಿಲ್ಲ.

ಆದರೂ ಈ ಲೆಕ್ಕದಲ್ಲಿ ಒಂದು ಕೊರತೆ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳ ಸಮಾರಂಭಗಳಲ್ಲಿ ಹಾರ ಬೀಳುವುದು ದೂರದಿಂದ ಬಂದವರ ಕೊರಳಿಗೆ. ಅದೇ ತರಗತಿಯಲ್ಲಿ ಕುಳಿತು ಓದಿ, ಊರಲ್ಲೇ ಉಳಿದು ಶಾಲೆಯಲ್ಲಿ ಪಾಠ ಹೇಳಿದವರು, ಸಹಕಾರಿ ಸಂಘದ ಲೆಕ್ಕ ಬರೆದವರು, ವಯಸ್ಸಾದ ತಂದೆತಾಯಿಗಳ ಜತೆ ತೋಟ ನೋಡಿಕೊಂಡವರು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಹೋದವರು ಮರಳಿ ಬಂದಾಗ ಊರು ಊರಾಗಿಯೇ ಸಿಗುವುದು ಇವರಿಂದ. ಕಾಲೇಜಿನ ಸಾಧನೆಯ ಪಟ್ಟಿಯಲ್ಲಿ ಇವರಿಗೂ ಜಾಗವಿರಬೇಕು.