ಅಂಚೆಯಲ್ಲಿ ಬರುವ ಗಾಳ

ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ಮೆಕ್‌ಯುವನ್ ಎಂಬ ವಿಶ್ವವಿದ್ಯಾಲಯವುಂಟು. 2017ರಲ್ಲಿ ಅದರ ಸಿಬ್ಬಂದಿಗೆ ಮಿಂಚಂಚೆಯಲ್ಲಿ ಪತ್ರಗಳು ಬಂದವು. ಪರಿಚಿತ ಗುತ್ತಿಗೆದಾರರ ಹೆಸರಿನಲ್ಲಿದ್ದ ಆ ಪತ್ರಗಳು, ಇನ್ನು ಮುಂದೆ ಹಣವನ್ನು ಬೇರೊಂದು ಬ್ಯಾಂಕು ಖಾತೆಗೆ ಜಮಾ ಮಾಡಬೇಕೆಂದು ಕೋರಿದ್ದವು. ಗುಮಾಸ್ತರು ಹಾಗೆಯೇ ಮಾಡಿದರು. ಮೂರು ಕಂತುಗಳಲ್ಲಿ 1 ಕೋಟಿ 18 ಲಕ್ಷ ಡಾಲರುಗಳು ಹೊರಟುಹೋದವು. ನಿಜವಾದ ಗುತ್ತಿಗೆದಾರರು ಬಾಕಿಯ ವಿಷಯವನ್ನು ವಿಚಾರಿಸಿದಾಗಲೇ ಮೋಸವು ಬಯಲಾದದ್ದು. ಹಣದ ಬಹುಭಾಗವು ಮುಂದೆ ಕೈಸೇರಿತೆಂಬುದು ನಿಜ. ಆದರೆ ಖಾತೆಯನ್ನು ಬದಲಿಸುವ ಮುನ್ನ ಒಮ್ಮೆ ದೂರವಾಣಿಯಲ್ಲಿ ಕೇಳಿದ್ದರೆ ಇಷ್ಟು ಪಾಡು ಏಕೆ?

ಈ ಬಗೆಯ ವಂಚನೆಗೆ ‘ಫಿಷಿಂಗ್’ ಎಂದು ಹೆಸರು. ಮೀನು ಹಿಡಿಯುವುದೆಂಬರ್ಥದ ಇಂಗ್ಲಿಷ್ ಶಬ್ದದ ಕಾಗುಣಿತವನ್ನು ತುಸು ತಿರುಚಿ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ವಿದ್ಯಾವಂತರು ಈ ಗಾಳಕ್ಕೆ ಸಿಕ್ಕಲಾರರೆಂದು ನಾವು ಭಾವಿಸುವುದು ಸಹಜ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳಲ್ಲಿ ಯಾರಿಗೆ ಯಾರು ಗೆಳೆಯರೆಂಬುದನ್ನು ಅಂತರಜಾಲದಲ್ಲಿ ಬಹಿರಂಗವಾಗಿದ್ದ ಮಾಹಿತಿಯಿಂದಲೇ ತಿಳಿದುಕೊಂಡು, ಗೆಳೆಯರ ಹೆಸರಿನಲ್ಲಿ 487 ಮಂದಿಗೆ ಕೃತಕ ಪತ್ರಗಳನ್ನು ಕಳುಹಿಸಿದರು. ಅಪರಿಚಿತರ ಹೆಸರಿನಲ್ಲಿ ಬಂದ ಪತ್ರಕ್ಕೆ ತಮ್ಮ ಗುಪ್ತಪದವನ್ನು ಒಪ್ಪಿಸಿದವರು ನೂರಕ್ಕೆ 16. ಗೆಳೆಯರ ಹೆಸರು ಕಂಡೊಡನೆ ಒಪ್ಪಿಸಿದವರು ನೂರಕ್ಕೆ 72! ಇಲ್ಲಿ ಸೋತದ್ದು ಬುದ್ಧಿಯಲ್ಲ, ನಂಬಿಕೆ.

ಹಾಗಾದರೆ ಗುರುತಿಸುವುದೆಂತು? ಪತ್ರದೊಳಗಿನ ಕೊಂಡಿಯ ವಿಳಾಸವನ್ನು ಓದಲು ಕಲಿಯುವುದೇ ಮುಖ್ಯವಾದ ಪಾಠ. ಕಾಗದದ ಲಕೋಟೆಯ ಮೇಲೆ ಮೊದಲ ಸಾಲಿನಲ್ಲಿ ‘ಅರಮನೆ’ ಎಂದೇ ಬರೆದಿರಲಿ, ಅಂಚೆಯವರು ನೋಡುವುದು ಕೊನೆಯ ಸಾಲಿನ ಊರನ್ನು. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆಯವರೆಗಿನ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ‘ನಮ್ಮಕಾಲೇಜು.ಖಾತೆಪರೀಕ್ಷೆ.ಕಾಂ’ ಎಂದಿದ್ದರೆ ಅದು ಕಾಲೇಜಿನದಲ್ಲ. ‘ಖಾತೆಪರೀಕ್ಷೆ’ ಎಂಬ ಹೆಸರನ್ನು ಕೊಂಡವನದು. ಎಡಗಡೆ ಏನನ್ನು ಬೇಕಾದರೂ ಬರೆದುಕೊಳ್ಳಲು ಅವನಿಗೆ ಸ್ವಾತಂತ್ರ್ಯವಿದೆ. ‘ಇಂದೇ ಉತ್ತರಿಸದಿದ್ದರೆ ಖಾತೆ ರದ್ದಾಗುವುದು’ ಎಂಬ ಅವಸರವೂ ಸಂಶಯಕ್ಕೆ ಕಾರಣವಾಗಬೇಕು. ಕಾಗುಣಿತದ ತಪ್ಪುಗಳನ್ನು ಹುಡುಕಿರೆಂಬ ಹಳೆಯ ಸಲಹೆಯನ್ನು ನಾವು ಈಗ ನೆಚ್ಚುವಂತಿಲ್ಲ. ಯಂತ್ರವೇ ಶುದ್ಧ ಭಾಷೆಯಲ್ಲಿ ಪತ್ರ ಬರೆದುಕೊಡುವ ಕಾಲವಿದು.

ಇದನ್ನು ಕಲಿಸುವ ಬಗೆ ಯಾವುದು? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪೊನ್ನುರಂಗಂ ಕುಮಾರಗುರು ಮತ್ತು ಸಂಗಡಿಗರು ಒಂದು ಉಪಾಯವನ್ನು ಹೂಡಿದರು: ಕೃತಕ ಗಾಳಕ್ಕೆ ಸಿಕ್ಕಿದ ಕ್ಷಣದಲ್ಲೇ ಸಣ್ಣದೊಂದು ಚಿತ್ರಪಾಠವನ್ನು ಮುಂದಿಡುವುದು. 515 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, 28 ದಿನಗಳ ಅನಂತರವೂ ಪಾಠವು ನೆನಪಿನಲ್ಲಿ ಉಳಿದಿತ್ತು. 18ರಿಂದ 25 ವರ್ಷದವರೇ ಹೆಚ್ಚಾಗಿ ಸಿಕ್ಕಿಬಿದ್ದರೆಂಬುದನ್ನು ನಮ್ಮ ತರುಣ ವಾಚಕರು ಗಮನಿಸಬೇಕು.

ಆದರೆ ಸ್ಯಾನ್ ಡಿಯೇಗೊದಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರೋಗ್ಯ ಸಂಸ್ಥೆಯಲ್ಲಿ 19,500ಕ್ಕೂ ಮಿಕ್ಕ ನೌಕರರನ್ನು 8 ತಿಂಗಳು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡಿತು. 2025ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಶಿಕ್ಷಣ ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರ ನೂರಕ್ಕೆ 2ಕ್ಕಿಂತ ಕಡಿಮೆ. ಪಾಠದ ಪುಟವನ್ನು ಬಹುಮಂದಿ ಒಂದು ನಿಮಿಷವೂ ಓದಲಿಲ್ಲವಂತೆ! ಪರೀಕ್ಷೆಯೇ ಅತಿಯಾಗುವುದೂ ಉಂಟು. 2024ರಲ್ಲಿ ಸಾಂತಾ ಕ್ರೂಜ್‌ನ ವಿಶ್ವವಿದ್ಯಾಲಯವು ಆವರಣದಲ್ಲಿ ಎಬೋಲಾ ರೋಗ ಕಾಣಿಸಿಕೊಂಡಿದೆಯೆಂಬ ಸುಳ್ಳು ಪತ್ರದಿಂದ ತನ್ನವರನ್ನು ಪರೀಕ್ಷಿಸಲು ಹೋಗಿ, ಕಡೆಗೆ ಕ್ಷಮೆ ಯಾಚಿಸಬೇಕಾಯಿತು. ಹೆದರಿಸಿ ಕಲಿಸುವುದು ನಮಗೂ ಒಪ್ಪಿಗೆಯಾಗದು.

ಕಣ್ಣು ತಪ್ಪುವುದು ಖಂಡಿತವಾದ್ದರಿಂದ ಯಂತ್ರದ ನೆರವನ್ನೂ ಪಡೆಯಬೇಕೆಂದು ತಜ್ಞರ ಮತ. ಗುಪ್ತಪದಗಳನ್ನು ಕಾಯ್ದಿಡುವ ತಂತ್ರಾಂಶವು, ತಾನು ಮೊದಲು ಕಂಡಿದ್ದ ವಿಳಾಸಕ್ಕೂ ಎದುರಿಗಿರುವ ವಿಳಾಸಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಗುಪ್ತಪದವನ್ನು ತಾನಾಗಿ ತುಂಬುವುದಿಲ್ಲ. ಪುಟದ ಚಿತ್ರಗಳಾಗಲಿ ಲಾಂಛನವಾಗಲಿ ಅದರ ಲೆಕ್ಕಕ್ಕೇ ಬಾರವು.