ತರೂರಿನ ಹುಡುಗ ಹಿಡಿದ ದಾರಿ

1972ರ ಮಾರ್ಚ್ 31ರಂದು ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ನೌಕರಿಗೆ ಕೈಮುಗಿದು ಊರಿಗೆ ಮರಳಿ ಬೇಸಾಯಕ್ಕಿಳಿದವರ ಮಾತು ಇವತ್ತಿಗೂ ಕೇಳಿಬರುತ್ತದೆ. ಕಥೆ ಟಿ.ಕೆ. ರಾಮರಾಯರದು, ರಾಜೀವನಾಗಿ ನಟಿಸಿದವರು ರಾಜ್‌ಕುಮಾರ್. ಇದು ಎಲ್ಲರಿಗೂ ಗೊತ್ತು. ಅದನ್ನು ನಿರ್ದೇಶಿಸಿದ ಸಿದ್ಧಲಿಂಗಯ್ಯನವರು ಶಿರಾ ತಾಲ್ಲೂಕಿನ ತರೂರಿನವರು ಎಂಬುದನ್ನು ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾದ ಹುಡುಗ ಹುಡುಗಿಯರಿಗೆ ನಾನು ಒತ್ತಿ ಹೇಳಬೇಕೆಂದಿದ್ದೇನೆ.

1936ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರನ್ನು ಊರಿನಿಂದ ಹೊರಡಿಸಿದ್ದು ಸಿನಿಮಾದ ಹುಚ್ಚು. ಮೈಸೂರಿನ ನವಜ್ಯೋತಿ ಸ್ಟುಡಿಯೊದಲ್ಲಿ ಅವರಿಗೆ ಮೊದಲು ದಕ್ಕಿದ್ದು ಹೇಳಿದ್ದನ್ನು ತಂದುಕೊಡುವ ಚಿಲ್ಲರೆ ಕೆಲಸ. ಆಮೇಲೆ ಸಹಾಯಕ ನಿರ್ದೇಶಕನ ದುಡಿಮೆ. ದ್ವಾರಕೀಶ್ ನಿರ್ಮಾಣದ ‘ಮೇಯರ್ ಮುತ್ತಣ್ಣ’ ನಿರ್ದೇಶಿಸುವ ಅವಕಾಶ ಸಿಕ್ಕು ಅದು ತೆರೆಗೆ ಬಂದದ್ದು 1969ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಅಲ್ಲಿಂದ ಮುಂದಿನ ಓಟ ನೋಡಿ: ‘ಬಾಳು ಬೆಳಗಿತು’, ‘ನಮ್ಮ ಸಂಸಾರ’, ‘ತಾಯಿ ದೇವರು’, ‘ಬಂಗಾರದ ಮನುಷ್ಯ’, 1974ರಲ್ಲಿ ಗೊರೂರರ ಕಥೆ ಆಧರಿಸಿದ ‘ಭೂತಯ್ಯನ ಮಗ ಅಯ್ಯು’. ಸಾಲ ಕೊಟ್ಟು ಹೊಲ ನುಂಗುವ ಸಾಹುಕಾರ, ಬಂಡೆ ಒಡೆದು ಬಂಜರನ್ನು ಹಸನು ಮಾಡುವ ರೈತ, ಇವರೆಲ್ಲ ಆ ತೆರೆಯ ಮೇಲೆ ಅಷ್ಟು ನಿಜವಾಗಿ ಕಾಣುವುದಕ್ಕೆ ಬಯಲುಸೀಮೆಯ ಹಳ್ಳಿಯನ್ನು ಬಲ್ಲ ಕಣ್ಣೇ ಕಾರಣ ಎಂದು ನನ್ನ ನಂಬಿಕೆ. ಊರು ಬಿಟ್ಟರೂ ಊರಿನ ತಿಳಿವಳಿಕೆಯನ್ನು ಅವರು ಬಿಟ್ಟುಕೊಡಲಿಲ್ಲ.

ಅದೇ ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ಬರಗೂರು ರಾಮಚಂದ್ರಪ್ಪನವರದು ಬೇರೆಯೇ ದಾರಿ. ಕನ್ನಡ ಮೇಷ್ಟರಾಗಿ ಪಾಠ ಹೇಳುತ್ತಲೇ ಕಾದಂಬರಿ ಬರೆದರು, ‘ಒಂದು ಊರಿನ ಕಥೆ’, ‘ಬೆಂಕಿ’ಯಂಥ ಸಿನಿಮಾ ಮಾಡಿದರು. ತಿಂಗಳ ಸಂಬಳ ಅವರ ಆಸಕ್ತಿಗೆ ಅಡ್ಡ ಬರಲಿಲ್ಲ. ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದ ಗಿರೀಶ ಕಾಸರವಳ್ಳಿಯವರಾದರೆ ಔಷಧದ ವೃತ್ತಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರಲ್ಲಿ ‘ಘಟಶ್ರಾದ್ಧ’ ಬಂತು. ಮೂವರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಕೆಲಸ ಬಿಟ್ಟರೋ ಇಟ್ಟುಕೊಂಡರೋ ಎನ್ನುವುದು ಆಮೇಲಿನ ಮಾತು, ಇಷ್ಟಪಟ್ಟ ಕಸುಬಿನ ತೀರಾ ಕೆಳಗಿನ ಕೆಲಸವನ್ನೂ ಬೇಸರವಿಲ್ಲದೆ ಮಾಡಿದರೇ ಎಂಬುದು ಮೊದಲಿನದು.

ಈಗ ಈ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ಇಪ್ಪತ್ತೈದಕ್ಕೇ ಕಂಪ್ಯೂಟರಿನ ಮುಂದೆ ಬಳಲಿದವರಲ್ಲಿ ಹಲವರು ‘ಊರಿಗೆ ಹೋಗಿ ತೋಟ ಮಾಡ್ತೀನಿ’ ಅನ್ನುತ್ತಾರೆ. ಆ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸಿನಿಮಾದ ರಾಜೀವ ಬೆಳೆದದ್ದನ್ನು ನೆನಪಿಟ್ಟುಕೊಂಡವರು, ಕೊನೆಗೆ ಮನೆಯವರ ಮಾತಿಗೆ ನೊಂದು ಅವನು ಮನೆ ಬಿಟ್ಟು ನಡೆದದ್ದನ್ನೂ ನೆನೆಯಬೇಕು. ಹಾಗೆಯೇ ನಮ್ಮ ನೆಲವನ್ನೂ ಅರಿಯಬೇಕು. ಪಾವಗಡ, ಶಿರಾ, ಮಧುಗಿರಿಯಲ್ಲಿ ಕಡಲೇಕಾಯಿ ಮಳೆ ನಂಬಿದ ಬೆಳೆ. ಬಿತ್ತನೆಗೆ ಹದ ಸಿಕ್ಕಿ, ಹೂವೂ ಚೆನ್ನಾಗಿ ಬಂದು, ಕಾಯಿ ಕಟ್ಟುವ ಹೂಡು ನೆಲಕ್ಕಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಮಣ್ಣು ಗಟ್ಟಿಯಾಗುತ್ತದೆ. ಹೂಡು ಒಳಕ್ಕೆ ತೂರುವುದಿಲ್ಲ. ಮೇಲೆ ಹಸಿರು ಸೊಪ್ಪು, ಗಿಡ ಕಿತ್ತರೆ ಬೇರಿನಲ್ಲಿ ನಾಲ್ಕೇ ಜೊಳ್ಳು ಕಾಯಿ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ರೈತರು ಸುಮಾರು 13,000 ಎಕರೆಯನ್ನು 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಯಾಕೆ ಕೊಟ್ಟರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅವರಿಗೆ ಯಾಕೆ ಮೇಲೆನಿಸಿತು ಎಂಬುದನ್ನು ಹೊಸದಾಗಿ ಬೇಸಾಯಕ್ಕೆ ಬರುವವರು ಅವರ ಬಾಯಿಂದಲೇ ಕೇಳಬೇಕು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಾಲದ ಕಂತು, ಮದುವೆಯ ಜವಾಬ್ದಾರಿ ಹೆಗಲೇರುವ ಮುಂಚೆ ಕಸುಬು ಬದಲಿಸುವುದು ಸುಲಭ, ಸೋತರೂ ಎದ್ದು ನಿಲ್ಲಲು ವಯಸ್ಸಿರುತ್ತದೆ. ಅದಕ್ಕೇ ಬೇಗ ಹೊರಡಿ ಅನ್ನುತ್ತೇನೆ. ಆದರೆ ಹೊರಡುವ ಮುನ್ನ ಸಂಬಳ ಬರುತ್ತಿರುವಾಗಲೇ ಒಂದು ಮುಂಗಾರು ಪೂರ್ತಿ ರಜೆಗಳನ್ನೆಲ್ಲ ಹೊಲಕ್ಕೆ ಕೊಡಿ. ಕಳೆ ತೆಗೆಯಿರಿ, ಕೂಲಿಯ ಲೆಕ್ಕ ಬರೆಯಿರಿ, ಮೂಟೆಯ ಜೊತೆ ಮಂಡಿಗೆ ಹೋಗಿ ಧಾರಣೆ ಕೂಗುವುದನ್ನು ನಿಂತು ಕೇಳಿ. ಸಿನಿಮಾ, ನಾಟಕ, ಮರಗೆಲಸ ಯಾವುದೇ ಆದರೂ ಇದೇ ಕ್ರಮ. ಅದಾದ ಮೇಲೂ ಮನಸ್ಸು ಅತ್ತಲೇ ಎಳೆದರೆ ರಾಜೀನಾಮೆ ಬರೆಯಿರಿ. ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ: ಅಷ್ಟು ಮಾಡಿ ಬಂದ ಮಗನಿಗೋ ಮಗಳಿಗೋ ‘ಓದಿದ್ದು ದಂಡವಾಯ್ತು’ ಎಂಬ ಮಾತನ್ನು ದಯವಿಟ್ಟು ಆಡಬೇಡಿ.