ಸೂರಿಲ್ಲದವರ ನುಡಿ: ಕೊಟ್ಟಿಗೆಹಾರದ ಸುತ್ತಣ ಕಿರು ಸಾಕ್ಷ್ಯಚಿತ್ರವೊಂದರ ಯೋಜನೆ

ಮನೆಯಿಲ್ಲದವರು ಯಾರೆಂಬ ಪ್ರಶ್ನೆಗೆ ಜನಗಣತಿಯು ನೀಡುವ ಉತ್ತರ ಸರಳವಾದುದು. ರಸ್ತೆಬದಿ, ದೇವಾಲಯದ ಜಗಲಿ, ರೈಲು ನಿಲ್ದಾಣ ಮೊದಲಾದೆಡೆ ರಾತ್ರಿ ಕಳೆಯುವವರನ್ನು ಅದು ವಸತಿಹೀನರೆಂದು ಪರಿಗಣಿಸುತ್ತದೆ. 2011ರ ಫೆಬ್ರವರಿ 28ರ ರಾತ್ರಿ ನಡೆದ ಎಣಿಕೆಯಲ್ಲಿ ದೇಶದಾದ್ಯಂತ ಇಂಥವರು ಸುಮಾರು 17.7 ಲಕ್ಷ ಮಂದಿ ಕಂಡುಬಂದರು. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮಳೆಗಾಲದ ರಾತ್ರಿಯನ್ನು ಬಯಲಿನಲ್ಲಿ ಕಳೆಯುವುದೇ ದುಸ್ಸಾಧ್ಯ. ಈ ವ್ಯಾಖ್ಯೆಯೊಂದನ್ನೇ ನೆಚ್ಚಿ ಹೊರಟ ಚಿತ್ರತಂಡಕ್ಕೆ ಇಲ್ಲಿ ಹೆಚ್ಚು ಜನ ಕಾಣಸಿಗಲಾರರು.

ಇಲ್ಲಿಯ ನೆಲೆಯಿಲ್ಲದಿರುವಿಕೆ ಗೋಡೆಗಳ ನಡುವೆಯೇ ಅಡಗಿದೆ. ಕಾಫಿತೋಟದ ‘ಲೈನು’ಮನೆ ಕೆಲಸದ ಜೊತೆಗೆ ಬರುವಂಥದು, ಮುಪ್ಪಡಸಿ ದುಡಿಮೆ ನಿಂತರೆ ಮನೆಯೂ ಕೈಬಿಡಬಹುದು. 1951ರ ತೋಟ ಕಾರ್ಮಿಕರ ಕಾಯಿದೆಯು ದೊಡ್ಡ ತೋಟಗಳ ಮಾಲೀಕರು ವಸತಿ ಒದಗಿಸಬೇಕೆಂದು ವಿಧಿಸಿತು; ಆದರೆ ಆ ವಸತಿ ಕಾರ್ಮಿಕರ ಸ್ವಂತದ್ದಾಗಲಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರದು ಬೇರೆಯೇ ಬಗೆ. ಇವರಿಬ್ಬರ ಕಥನಗಳನ್ನು ಒಂದೇ ದುಃಖವೆಂಬಂತೆ ಬೆಸೆಯುವುದು ಸಲ್ಲದು.

ಯೋಜನೆಯ ಅತ್ಯಂತ ಸೂಕ್ಷ್ಮ ಘಟ್ಟವೆಂದರೆ ಒಪ್ಪಿಗೆ. ತೋಟವನ್ನು ಪ್ರವೇಶಿಸಲು ಮಾಲೀಕರ ಅನುಮತಿ ಬೇಕು. ಆದರೆ ಅದು ಲೈನಿನವರ ಸಮ್ಮತಿಯಲ್ಲ. ಮಾಲೀಕರ ಅಥವಾ ರೈಟರ ಎದುರಿನಲ್ಲಿ ಆಡಿದ ಮಾತಿಗೆ ಸಾಕ್ಷ್ಯದ ಬೆಲೆಯೂ ಇರುವುದಿಲ್ಲ. ತೆರೆಯ ಮೇಲೆ ಮುಖ ಕಂಡದ್ದರಿಂದಲೇ ಇರುವ ಸೂರೂ ತಪ್ಪುವ ಸಂಭವವಿರುವಾಗ, ಮೊದಲು ಧ್ವನಿಯನ್ನಷ್ಟೇ ಮುದ್ರಿಸಿಕೊಂಡು, ಮುಖ ತೋರಿಸುವ ನಿರ್ಧಾರವನ್ನು ಮಾತನಾಡಿದವರಿಗೇ ಬಿಡುವುದು ಉಚಿತ. 1967ರಲ್ಲಿ ಕೆನಡಾದ ಫೋಗೋ ದ್ವೀಪದಲ್ಲಿ ಕಾಲಿನ್ ಲೋ ಅನುಸರಿಸಿದ ಕ್ರಮ ಇಲ್ಲಿ ನೆರವಾಗುತ್ತದೆ: ಚಿತ್ರಿಸಿದ್ದನ್ನು ಹೊರಗಿನವರಿಗಿಂತ ಮೊದಲು ದ್ವೀಪವಾಸಿಗಳೇ ನೋಡಿದರು. ಆನಂದ್ ಪಟವರ್ಧನರ ‘ಹಮಾರಾ ಶಹರ್’ (1985) ಚಿತ್ರದಲ್ಲಿ ಮುಂಬಯಿಯ ಕಾಲುದಾರಿವಾಸಿ ಮಹಿಳೆಯೊಬ್ಬಳು ಚಿತ್ರೀಕರಿಸುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಿರ್ದೇಶಕರು ಅದನ್ನು ಕತ್ತರಿಸಲಿಲ್ಲ. ಅಂಥ ಮಾತಿಗೂ ಹತ್ತು ನಿಮಿಷದ ಚಿತ್ರದಲ್ಲಿ ಎಡೆಯಿರಬೇಕು.

ಇನ್ನು ಋತುವಿನ ವಿಚಾರ. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಮಾತನ್ನು ನುಂಗಿಬಿಡುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಕು, ನಿಶ್ಶಬ್ದ ಎರಡೂ ದೊರೆಯುತ್ತವೆಯಾದರೂ ಕೂಲಿಯವರಿಗೆ ಬಿಡುವಿರುವುದಿಲ್ಲ. ಆದುದರಿಂದ ಸಂದರ್ಶನಗಳನ್ನು ಸಂತೆಯ ಅಥವಾ ರಜೆಯ ದಿನಕ್ಕೆ ಹೊಂದಿಸಿಕೊಂಡು, ಮಳೆಯ ದೃಶ್ಯಗಳನ್ನು ಪ್ರತ್ಯೇಕವಾಗಿ, ಮಾತಿಲ್ಲದೆ ಚಿತ್ರಿಸಬೇಕಾಗುತ್ತದೆ. ತುಳು ಮನೆಮಾತಿನವರು ತುಳುವಿನಲ್ಲೇ ಮಾತನಾಡಲಿ; ಕನ್ನಡ ಅಡಿಬರಹ ಸಾಕು.